ಅನುಮತಿಯಿಲ್ಲದ ಸಿಳ್ಳೆಗಳು ಮತ್ತು ಇಪ್ಪತ್ತೊಂದು ಕುರಿಮೂಳೆಗಳ ಕುರಿತು

ಇಲಾಖೆಯ ಕಚೇರಿ, ಬಿಷ್ಕೇಕ್
ಸಂಖ್ಯೆ: ರೇಡಿಯೊ/ಸಿಳ್ಳೆ/17/ಮರುಸಿಳ್ಳೆ-3
ದಿನಾಂಕ: ಮೇ 21

ವಿಷಯ: ಆವರ್ತನ ಸಂಯೋಜಕಗಳಲ್ಲಿ ತಾವಾಗಿಯೇ ಹುಟ್ಟುವ ಬೇಡದ ಸ್ವರಗಳನ್ನು ತಗ್ಗಿಸುವ ಬಗ್ಗೆ.

ಉಲ್ಲೇಖ: 1) ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ). 2) ತಂತ್ರಜ್ಞೆ ಬುರುಲ್ ಎಸೆಂಕುಲೋವಾ ಅವರ ವಿವರಣೆ, ಜೊತೆಗೆ ಮೂಳೆಚೀಲ ಒಂದು (ಒಳಗೆ ಕುರಿಮೂಳೆ ಇಪ್ಪತ್ತೊಂದು).

ಪ್ರಸ್ತಾವನೆ: ಜೂನ್ ಒಂದರಂದು ಕುರಿಗಾಹಿಗಳು ಬೆಟ್ಟದ ಹುಲ್ಲುಗಾವಲಿಗೆ ಏರಲಿದ್ದು, ಅವರೊಂದಿಗೆ ನಲವತ್ತು ರೇಡಿಯೊಗಳು ಹೋಗತಕ್ಕದ್ದು. ರೇಡಿಯೊದೊಳಗೆ ವಾಹಿನಿಯ ಆವರ್ತನವನ್ನು ಲೆಕ್ಕಹಾಕಿ ಹುಟ್ಟಿಸುವ ಸಂಯೋಜಕವು ಒಂದೇ ಲೆಕ್ಕವನ್ನು ಗಿಣಿಪಾಠದಂತೆ ಒಪ್ಪಿಸುವುದರಿಂದ ಪಕ್ಕದಲ್ಲೊಂದು ಸಿಳ್ಳೆ ಹುಟ್ಟುತ್ತದೆ. ಕಳೆದ ಬೇಸಿಗೆಯಲ್ಲಿ ಕಾಲು ಮುರಿದ ಕುರಿಗಾಹಿಯೊಬ್ಬನಿಗೆ ವೈದ್ಯರು ರೇಡಿಯೊದಲ್ಲಿ ಹೇಳಿದ್ದೆಲ್ಲ ಸಿಳ್ಳೆಯಾಗಿಯೇ ಕೇಳಿಸಿದೆ. ಕಾಲು ಕೂಡಿತು, ಅದರಲ್ಲಿ ಇಲಾಖೆಯ ಪಾತ್ರವಿರುವುದಿಲ್ಲ. ಈ ಬಾರಿ ಬುರುಲ್ ಅವರ ತಂಗಿ, ಏಳು ತಿಂಗಳ ಗರ್ಭಿಣಿ ತುರ್ಸುನಾಯ್, ಗಂಡನೊಂದಿಗೆ ಮೇಲೇರಲಿದ್ದಾಳೆ. ಆದ್ದರಿಂದ ಬುರುಲ್ ಅವರು ಊಟದ ವಿರಾಮಗಳಲ್ಲಿ, ಮಕ್ಕಳು ಆಡುವ ನಾಲ್ಕು ಮುಖದ ಕುರಿಗೆಣ್ಣಿನ ಮೂಳೆಗಳನ್ನು ಎರಡು ಸಾವಿರ ಸಲ ಎಸೆದು, ಮುಖಕ್ಕೊಂದರಂತೆ ಬಿದ್ದ ಅಂಕಿಗಳನ್ನು ಒಂದು ಸಂಯೋಜಕಕ್ಕೆ ಉಣಿಸಿರುತ್ತಾರೆ. ಲೆಕ್ಕದ ಲಯ ತಪ್ಪಿ, ಸಿಳ್ಳೆ ಪುಡಿಯಾಗಿ ತೆಳ್ಳನೆಯ ಬುಸ್ಸೆಂಬ ಸದ್ದಾಗಿ ಹರಡಿಕೊಂಡಿದೆ. ಇದೆಲ್ಲ ಇಲಾಖೆಯನ್ನು ಕೇಳದೆ ಆದದ್ದು. ಅಂತೆಯೇ ಈ ಮೂಲಕ ಸೂಚಿಸಲಾಗಿದೆ:

1. ಪ್ರತಿಯೊಂದು ಸಿಳ್ಳೆಯೂ ಹುಟ್ಟುವ ಮೂರು ದಿನ ಮುಂಚೆ ನಮೂನೆ 9ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಿಲ್ಲದ ಸಿಳ್ಳೆಗೆ ಅದನ್ನು ಕೇಳಿಸಿಕೊಂಡವರೇ ಹೊಣೆ.

2. ಮೂಳೆಗಳು ದಾಸ್ತಾನು ಪುಸ್ತಕದಲ್ಲಿಲ್ಲ. ಸಂಬಂಧಪಟ್ಟ ಕುರಿಯಿಂದ ನಿರಾಕ್ಷೇಪಣಾ ಪತ್ರ ತರತಕ್ಕದ್ದು. ಕುರಿಯು ಈಗಾಗಲೇ ಬೆಷ್‌ಬರ್ಮಾಕ್ ಆಗಿ ಬಡಿಸಲ್ಪಟ್ಟಿದ್ದಲ್ಲಿ ಉಂಡವರು ಸಹಿ ಮಾಡಬಹುದು.

3. ಮನಬಂದಂತೆ ಬೀಳುವ ಅಂಕಿಗಳು ಶಿಸ್ತಿಗೆ ಭಂಗ. ಐವರ ಸಮಿತಿಯು ಎರಡು ವಾರ ಚಹಾ ಕುಡಿದು, ಮನಬಂದಂತಿರುವ ಎಂಟು ಅಂಕಿಗಳನ್ನು ಅವಿರೋಧವಾಗಿ ಆರಿಸಿದೆ. ಇವನ್ನೇ ಕ್ರಮ ತಪ್ಪದೆ, ಮುಗಿದೊಡನೆ ಮೊದಲಿಂದ, ಬಳಸತಕ್ಕದ್ದು.

4. ಇದಕ್ಕೆ ಬುರುಲ್ ಅವರು ನಿರ್ದೇಶಕರನ್ನು ಅಣ್ಣನೆಂದೇ ಕರೆದು ನೀಡಿದ ಹೇಳಿಕೆ: “ಬೈಕೆ, ಆ ಎಂಟನ್ನೇ ಸುತ್ತಿ ಸುತ್ತಿ ಹೇಳಿದ್ರೆ ಅದೂ ಸಿಳ್ಳೆನೇ ಹೊಡೆಯೋದು. ನನ್ ತಂಗಿ ಸಿಳ್ಳೆ ಕೇಳ್ಕೊಂಡು ಹೆರ್ತಾಳಾ?” ಹೇಳಿಕೆಯನ್ನು ಕಡತದಲ್ಲಿ ಮಲಗಿಸಲಾಯಿತು.

5. ನಿನ್ನೆ ಎಂಟು ಅಂಕಿಗಳ ಪರೀಕ್ಷೆ ನಡೆಯಿತು. ಸಿಳ್ಳೆಯು ಮೊದಲಿಗಿಂತ ದಷ್ಟಪುಷ್ಟವಾಗಿ ವೈದ್ಯರ ವಾಹಿನಿಯ ಮೇಲೆ ಕುಳಿತಿತು. ಈ ಬಗ್ಗೆ ಸಮಿತಿಯು ಮುಂದಿನ ವರ್ಷದವರೆಗೆ ಕಾಲಾವಕಾಶ ಕೋರಿತು.

6. ಆದರೆ ಅದರ ಮರಿಸಿಳ್ಳೆಯೊಂದು ಪಕ್ಕದ ಕೋಣೆಯಲ್ಲಿ ನಿರ್ದೇಶಕರು ಆಲಿಸುತ್ತಿದ್ದ ಕೋಕ್-ಬೋರು ಅಂತಿಮ ಪಂದ್ಯದ ವಿವರಣೆಯ ಮೇಲೂ ಬಿದ್ದು, ಕುದುರೆ ಸವಾರರು ಸತ್ತ ಮೇಕೆಯನ್ನು ಯಾರ ಗುಂಡಿಗೆ ಎಸೆದರೆಂಬುದು ತಿಳಿಯದಾಯಿತು. ಪರಿಸ್ಥಿತಿಯ ಗಾಂಭೀರ್ಯವು ಆಗ ಮನವರಿಕೆಯಾಗಿದೆ.

7. ಆದಕಾರಣ 1ರಿಂದ 3ರವರೆಗಿನ ಅಂಶಗಳನ್ನು ಹುಟ್ಟಿದ ಕ್ಷಣದಿಂದಲೇ ರದ್ದುಪಡಿಸಲಾಗಿದೆ. ಸಮಿತಿಯ ಐವರೂ ಜೂನ್ ಒಂದರವರೆಗೆ ನೆಲದ ಮೇಲೆ ಮಂಡಿಯೂರಿ, ಬುರುಲ್ ಅವರ ಕಣ್ಗಾವಲಿನಲ್ಲಿ, ನಲವತ್ತೂ ರೇಡಿಯೊಗಳಿಗೆ ಮೂಳೆ ಎಸೆಯತಕ್ಕದ್ದು. ಮುಖ ನೋಡಿ ಎಸೆದವರಿಗೆ ಚಹಾ ಇಲ್ಲ.

ಸಹಿ/-
ನಿರ್ದೇಶಕರು
(ಪಂದ್ಯ ಗೆದ್ದವರ ಹೆಸರು ಬಲ್ಲವರು ಕೂಡಲೇ ತಿಳಿಸುವುದು)

ಪ್ರತಿಗಳು:
1. ಸಮಿತಿಯ ಐವರಿಗೆ: ಮಂಡಿಗೆ ಚಾಪೆ ತರಲು.
2. ಸಿಳ್ಳೆಗೆ: ಮಾಹಿತಿಗಾಗಿ.
3. ಕುರಿಯನ್ನು ಉಂಡವರಿಗೆ: ಸಹಿ ಬೇಕಿಲ್ಲ.
4. ಬುರುಲ್ ಎಸೆಂಕುಲೋವಾ ಅವರಿಗೆ: ಮೂಳೆಚೀಲದೊಂದಿಗೆ, ಗೌರವಪೂರ್ವಕವಾಗಿ.
5. ತುರ್ಸುನಾಯ್, ಹುಲ್ಲುಗಾವಲು. ಜೂನ್ ಮೂರರ ಷರಾ: ಬುರುಲ್ ಅವರು ಈ ಸುತ್ತೋಲೆಯನ್ನು ರೇಡಿಯೊದಲ್ಲಿ ಪೂರ್ತಿ ಓದಿ ಹೇಳಿದರು. ಬಂದ ಸ್ವೀಕೃತಿ: “ಕೇಳಿಸ್ತಿದೆ ಅಕ್ಕಾ. ನೀನು ನಗ್ತಿರೋದೂ ಕೇಳಿಸ್ತಿದೆ.”