ದಿವಾನನಿಗೆ ಉಪಚಾರ

ಹಟವೋ, ಕಾಯಿಲೆಯೋ, ಇಲ್ಲ ತನ್ನ ಮುಖ ಕಂಡರೇ ಅದಕ್ಕೆ ಊಟ ಸೇರುವುದಿಲ್ಲವೋ? ಉಮಾಪತಿ ಗಾಜಿನ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದ. ಒಳಗೆ ದಿವಾನ ಎಂಬ ನೀಲಿ ಬೆಟ್ಟಾ ಮೀನು, ಜರಿ ಪಂಚೆಯಂಥ ರೆಕ್ಕೆಗಳನ್ನು ಹರವಿಕೊಂಡು ಮೇಲೆ ಬಂದು, ಅವನು ಹಾಕಿದ ಮೀನಿನ ಆಹಾರದ ಕಾಳನ್ನು ಬಾಯಿಗೆ ತೆಗೆದುಕೊಂಡಿತು. ಒಂದು ಕ್ಷಣ ಪರೀಕ್ಷಿಸಿತು. ಉಗುಳಿ, ಬೆನ್ನು ತಿರುಗಿಸಿತು.

ಅದು ಅವನ ಹೆಂಡತಿ ಮಂದಾಕಿನಿಯ ಮೀನು. ಅವಳ ಬೆರಳ ತುದಿಯಿಂದಲ್ಲದೆ ಬೇರೆಲ್ಲಿಂದಲೂ ಅದು ತಿಂದದ್ದಿಲ್ಲ. ಒಂದು ವಾರದ ಶಿಕ್ಷಕರ ತರಬೇತಿಗೆಂದು ಬೆಂಗಳೂರಿಗೆ ಹೊರಟಾಗ ಅವಳು, "ನಿಮ್ಮ ಕೈಲಿ ಕೊಟ್ಟು ಹೋಗ್ತಿದೀನಿ" ಎಂದಷ್ಟೇ ಹೇಳಿದ್ದಳು. ಹೋದ ಸಲ ಮಲ್ಲಿಗೆ ಗಿಡವನ್ನು ಹೀಗೇ ಕೊಟ್ಟು ಹೋಗಿದ್ದಳು. ಬಂದಾಗ ಕುಂಡವಿತ್ತು, ಗಿಡವಿರಲಿಲ್ಲ. ಅವಳು ಏನೂ ಅನ್ನಲಿಲ್ಲ. ಆ ಮೌನ ತಿಂಗಳುಗಟ್ಟಲೆ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿತ್ತು. ಈ ಸಲ ಮೀನು! ಇವತ್ತು ಸಂಜೆಯೇ ಅವಳು ಬರುತ್ತಾಳೆ.

"ಸರಿಯೋ ಆ ಕಡೆ! ಯಂತ್ರ ಬರ್ತಿದೆ!"

ಸೋದರತ್ತೆ ಗಿರಿಜಮ್ಮ. ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಸುಮ್ಮನಿರಲಾರದೆ ಯಂತ್ರ ಕಟ್ಟುತ್ತಿದ್ದರು. ಆಕೆಯ ಹಿಂದಿನ ಯಂತ್ರ ಬಟ್ಟೆ ಮಡಿಸುತ್ತಿತ್ತು. ಮನೆಯದ್ದು ಮುಗಿದ ಮೇಲೆ ಪಕ್ಕದ ಮನೆಗೆ ನುಗ್ಗಿ, ಕಿಟಕಿಯ ಪರದೆಗಳನ್ನೂ ಮಡಿಸಿಟ್ಟು ಬಂದಿತ್ತು.

ಈಗಿನದಕ್ಕೆ ಹಳೇ ಕುಕ್ಕರಿನ ಮೈ, ಕೆಳಗೆ ಚಕ್ರ, ಮೇಲೆ ಒಂದು ಕ್ಯಾಮೆರಾ ಕಣ್ಣು, ಪಕ್ಕದಲ್ಲಿ ಮಡಚಿ ಬಿಡಿಸಬಲ್ಲ ಉದ್ದನೆಯ ಕೈ. ಕೈಯ ತುದಿಗೆ ಸೌಟು.

"ಹೆಸರು ಉಪಚಾರಿ. ಎಂಥ ಊಟ ಸೇರದವರಿಗೂ ತಿನ್ನಿಸಿಬಿಡುತ್ತೆ."

"ಮೀನಿಗೆ ಇಷ್ಟು ದೊಡ್ಡ ಸೌಟಾ ಅತ್ತೆ?"

"ಸೌಟು ನೋಡಬೇಡ, ಬುದ್ಧಿ ನೋಡು! ನಮ್ಮ ಮನೆತನದ ಅಷ್ಟೂ ಮದುವೆ ಊಟದ ವಿಡಿಯೋ ಹಾಕಿ ಇದಕ್ಕೆ ಪಾಠ ಮಾಡಿದೀನಿ. ಪಂಕ್ತೀಲಿ ನಮ್ಮವರು ಹೇಗೆ ಬಲವಂತ ಮಾಡಿ ಬಡಿಸ್ತಾರೆ, ಅದೆಲ್ಲ ಕಲಿತಿದೆ."

ಪ್ರಾತ್ಯಕ್ಷಿಕೆಗೆಂದು ಗಿರಿಜಮ್ಮ ಪುಳಿಯೋಗರೆ, ಕೋಸಂಬರಿ, ತುಪ್ಪದ ಗಿಂಡಿ, ವೀಳ್ಯದೆಲೆ ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿದ್ದರು. ಯಂತ್ರಕ್ಕೆ ಮದುವೆಮನೆಯ ವಾತಾವರಣ ಬೇಕಂತೆ! ಪ್ಲಗ್ ಸಿಕ್ಕಿಸಿ ಗುಂಡಿ ಒತ್ತಿದರು.

ಉಪಚಾರಿ ಬೋಗುಣಿಯ ಕಡೆ ಬಾಗಿತು. "ಬನ್ನಿ ಬನ್ನಿ, ನಿಮ್ಮದೇ ಮನೆ ಅಂದ್ಕೊಳ್ಳಿ," ಎಂದು ಜೇನಿನಂಥ ದನಿಯಲ್ಲಿ ಹೇಳಿ ಒಂದು ಕಾಳು ಹಾಕಿತು. ದಿವಾನ ಬಾಯಿಗೆ ಹಾಕಿಕೊಂಡಿತು. ಉಗುಳಿತು.

"ಛೇ, ಸಂಕೋಚ!" ಎಂದು ಇನ್ನೆರಡು ಹಾಕಿತು.

ದಿವಾನ ಅದನ್ನೂ ಉಗುಳಿತು. "ಇಷ್ಟೇ ಇಷ್ಟು!" ಎಂದು ಉಪಚಾರಿ ಕಾಳಿನ ಡಬ್ಬಿಯನ್ನೇ ಬೋರಲು ಹಾಕಿತು.

"ಅತ್ತೆ, ನಿಲ್ಸಿ! ನೀರು ಕೆಡುತ್ತೆ!"

"ಇರೋ, ಬೇಡ ಅಂದೋರಿಗೆ ಇನ್ನಷ್ಟು ಹಾಕಬೇಕು ಅಂತ ಕಲಿತಿದೆ. ನಮ್ಮಲ್ಲಿ ಯಾರು ತಾನೇ ಮೊದಲನೇ ಸಲಕ್ಕೆ ಹೂಂ ಅಂತಾರೆ?"

"ಮೀನಿಗೆ ನಿಜವಾಗ್ಲೂ ಬೇಡ!"

"ಅದು ಯಂತ್ರಕ್ಕೆ ಹೇಗಪ್ಪಾ ಗೊತ್ತಾಗಬೇಕು? ವಿಡಿಯೋದಲ್ಲಿ ನಿಜವಾಗ್ಲೂ ಬೇಡ ಅಂದೋರು ಒಬ್ಬರೂ ಇರಲಿಲ್ಲ!"

ಕಾಳು ಮುಗಿಯಿತು. ಉದ್ದ ಕೈ ಮೇಜಿನತ್ತ ತಿರುಗಿತು. ಒಂದು ಸೌಟು ಕೋಸಂಬರಿ ಬೋಗುಣಿಗೆ ಬಿತ್ತು. ಹೆಸರುಬೇಳೆ ಮಳೆಯಂತೆ ತಳಕ್ಕಿಳಿಯಿತು. ದಿವಾನ ಕಿವಿರು ಉಬ್ಬಿಸಿ, ಬೇಳೆಗೆಲ್ಲ ಯುದ್ಧ ಸಾರಿ, ಆಮೇಲೆ ಗಾಜಿನ ಮೂಲೆಗೆ ಅಂಟಿಕೊಂಡಿತು.

ಉಮಾಪತಿ ಪ್ಲಗ್ ಕಿತ್ತ. ಉಪಚಾರಿ ನಿಲ್ಲಲಿಲ್ಲ.

"ಬ್ಯಾಟರಿ ಇದೆಯಲ್ಲ! ಕರೆಂಟ್ ಹೋಯ್ತು ಅಂತ ಮದುವೇಲಿ ಬಡಿಸೋದು ನಿಲ್ಸ್ತಾರಾ?"

"ಆಫ್ ಮಾಡೋ ಗುಂಡಿ ಎಲ್ಲಿ?"

ಗಿರಿಜಮ್ಮ ಕನ್ನಡಕ ಸರಿಪಡಿಸಿಕೊಂಡರು. "ಇಟ್ಟಿಲ್ಲ ಕಣೋ. ಪಂಕ್ತಿ ನಡುವೆ ಎದ್ದುಹೋಗೋದು ಮರ್ಯಾದೆನಾ?"

ಅವನ ಫೋನು ಮಿನುಗಿತು, ಮಂದಾಕಿನಿ ಕಾಲು ಗಂಟೆ ಹಿಂದೆ ಕಳಿಸಿದ್ದ ಸಂದೇಶ. 'ಬಸ್ ಕ್ಯಾತ್ಸಂದ್ರ ದಾಟಿತು, ಊರು ಹತ್ತಿರ ಬಂತು.' ಅಷ್ಟೇ. ಮೀನು ಹೇಗಿದೆ ಎಂದು ಅವಳು ಕೇಳಿರಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಬೋಗುಣಿಯನ್ನು ಎತ್ತಿ ಎದೆಗವಚಿಕೊಂಡ. ಅಡಿಗೆಮನೆಗೆ ಓಡಿದ. ಚಕ್ರಗಳು ಕಿರ್ರೆಂದು ಹಿಂದೆ ಬಂದವು. ಗೋಡೆಗೆ ಬೆನ್ನು ಕೊಟ್ಟು ನಿಂತು ಬೋಗುಣಿಯ ಬಾಯಿಗೆ ಅಂಗೈ ಅಡ್ಡ ಹಿಡಿದ. ಅದೇ ತಪ್ಪಾಯಿತು! ಎಲೆಗೆ ಕೈ ಅಡ್ಡ ಹಿಡಿಯುವ ನೂರಾರು ನೆಂಟರನ್ನು ಉಪಚಾರಿ ವಿಡಿಯೋದಲ್ಲಿ ಕಂಡಿತ್ತು.

"ಅಯ್ಯೋ, ಕೈ ತೆಗೀರಿ! ಹಿರಿಯರು ಹೀಗೆ ಮಾಡಬಾರದು!" ಎನ್ನುತ್ತ ಬೆರಳ ಸಂದಿಯಲ್ಲೇ ಪುಳಿಯೋಗರೆ ತುರುಕಿತು. ಕಡಲೆಬೀಜವೊಂದು ದಿವಾನನ ತಲೆಯ ಪಕ್ಕದಲ್ಲೇ ಮುಳುಗಿತು. ಆಮೇಲೆ ಕೈ ಹಿಂದಕ್ಕೆ, ಬಾಗಿಲಾಚೆಯ ಮೇಜಿನವರೆಗೆ ಚಾಚಿ ಹೋಯಿತು. ಬಂದಾಗ ಸೌಟಿನಲ್ಲಿ ತುಪ್ಪವಿತ್ತು.

ಉಮಾಪತಿ ಬೋಗುಣಿಯನ್ನು ಇನ್ನೂ ಬಿಗಿಯಾಗಿ ಅವಚಿಕೊಂಡ. ಈ ಜಾತಿಯ ಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯಬೇಕು. ನೀರಿನ ಮೇಲೆ ತುಪ್ಪ ಹರಡಿ ಹೆಪ್ಪುಗಟ್ಟಿದರೆ ಮುಗಿಯಿತು.

"ಅತ್ತೆ! ಮದುವೇಲಿ ಬಡಿಸೋದು ಯಾವಾಗ ನಿಲ್ಸ್ತಾರೆ? ಬೇಗ ಹೇಳಿ!"

"ಸಾಕು ಅಂದ್ರೆ ನಿಲ್ಸಲ್ಲ... ಎದ್ದರೆ ಕೂರಿಸ್ತಾರೆ... ಹಾಂ! ಅಡುಗೆ ಹೊಗಳಿದರೆ ನಿಲ್ಸ್ತಾರೆ! ಮನಸಾರೆ ಹೊಗಳಬೇಕು. ಸುಳ್ಳು ಅಂದ್ರೆ ಕಂಡುಹಿಡಿಯುತ್ತೆ, ದನಿ ಅಳೆಯೋದು ಕಲಿಸಿದೀನಿ."

"ಮೀನು ಹೇಗೆ ಹೊಗಳುತ್ತೆ?"

"ಮೀನಿನ ಪರವಾಗಿ ನೀನು ಹೇಳೋ!"

ಉಮಾಪತಿ ಗಂಟಲು ಸರಿಮಾಡಿಕೊಂಡ. "ಪುಳಿಯೋಗರೆ ಚೆನ್ನಾಗಿತ್ತು."

"ದಾಕ್ಷಿಣ್ಯಕ್ಕೆ ಹೇಳ್ತೀರಿ," ಎಂದಿತು ಉಪಚಾರಿ. ಸೌಟು ಒಂದು ಗೇಣು ಹತ್ತಿರ ಬಂತು.

"ಬಹಳ ಚೆನ್ನಾಗಿತ್ತು! ತುಂಬಾ!"

"ಒಂದು ಚಮಚ ತುಪ್ಪ, ಬೇಡ ಅನ್ನಬಾರದು."

ಗಿರಿಜಮ್ಮ ಬಾಗಿಲಿಂದ ಕೂಗಿದರು, "ಏನೋ ನೀನು, ಕರೆಂಟ್ ಬಿಲ್ ಓದಿದ ಹಾಗೆ ಹೊಗಳ್ತೀಯಲ್ಲೋ!"

ಅವನಿಗೆ ಹೊಗಳಿ ರೂಢಿಯಿರಲಿಲ್ಲ. ಊಟ ಮಾಡುವುದು, ತಟ್ಟೆ ತೊಳೆದಿಡುವುದು, ಇಷ್ಟೇ ಅವನ ಭಾಷೆ. ಸೌಟಿನ ಅಂಚಿನಲ್ಲಿ ಒಂದು ಹನಿ ತೂಗಾಡುತ್ತಿತ್ತು. ಅವನು ಕಣ್ಣು ಮುಚ್ಚಿದ. ಆಗ ಅವನ ಮೂಗಿಗೆ ಎಲ್ಲಿಂದಲೋ ಇಂಗಿನ ಒಗ್ಗರಣೆಯ ನೆನಪು ಬಂತು.

"ಆ ಸಾರು!" ಎಂದ, ಇದ್ದಕ್ಕಿದ್ದಂತೆ ಜೋರಾಗಿ. "ಅಂಥ ಸಾರು ನಾನು ಎಲ್ಲೂ ಉಂಡಿಲ್ಲ. ಆಫೀಸಿನಿಂದ ಬರ್ತಾ ಗೇಟಿನಲ್ಲೇ ವಾಸನೆ ಬರುತ್ತೆ, ಅರ್ಧ ದಣಿವು ಅಲ್ಲೇ ಹೋಗುತ್ತೆ. ಬರೀ ಸಾರನ್ನೇ ಲೋಟದಲ್ಲಿ ಕುಡಿಯೋಣ ಅನ್ನಿಸುತ್ತೆ. ಅದಿಲ್ಲದ ದಿನ ಊಟ ಮಾಡಿದ ಹಾಗೇ ಇರಲ್ಲ. ಈ ವಾರವೆಲ್ಲ ಊಟ ಮಾಡಿದ ಹಾಗೇ ಇಲ್ಲ!"

ಉಪಚಾರಿ ಸ್ತಬ್ಧವಾಯಿತು. ಅದರ ಕಣ್ಣು ಎರಡು ಸಲ ಮಿಟುಕಿತು. ಸೌಟು ಮೆಲ್ಲಗೆ ಹಿಂದೆ ಸರಿದು ತುಪ್ಪವನ್ನು ಗಿಂಡಿಗೇ ಸುರಿಯಿತು.

"ಧನ್ಯವಾದ. ಎಲೆ ಅಡಿಕೆ ಹಾಕ್ಕೊಳ್ಳಿ," ಎಂದು ಒಂದು ವೀಳ್ಯದೆಲೆಯನ್ನು ಬೋಗುಣಿಯ ನೀರಿನ ಮೇಲೆ ತೇಲಿಬಿಟ್ಟು, ಕೈ ಮುಗಿಯಲು ಎರಡನೇ ಕೈ ಇಲ್ಲದ್ದರಿಂದ ಸೌಟನ್ನೇ ಎದೆಗೆ ಒತ್ತಿ, ಆರಿಹೋಯಿತು. ದಿವಾನ ಎಲೆಯ ಕೆಳಗೆ ತೂರಿ, ಅಂಚಿನಿಂದ ಮೂತಿ ಹೊರಹಾಕಿ ಒಂದು ಗುಟುಕು ಗಾಳಿ ಕುಡಿಯಿತು.

"ಸಾರು ಎಲ್ಲಿತ್ತೋ?" ಗಿರಿಜಮ್ಮ ಮೇಜು ನೋಡಿದರು. "ನಾನು ಸಾರೇ ಮಾಡಿರಲಿಲ್ಲ!"

ಅವರ ಹಿಂದೆ ಬ್ಯಾಗು ಹಿಡಿದು ಮಂದಾಕಿನಿ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಅವಳು ಗಂಡನ ಮುಂಗೈಗೆ ಮೆತ್ತಿದ ಪುಳಿಯೋಗರೆ ನೋಡಿದಳು, ಬೋಗುಣಿ ನೋಡಿದಳು. ಸೀದಾ ನಡೆದು ಬಂದು ಬೋಗುಣಿ ಇಸಿದುಕೊಂಡು, ಮೀನನ್ನು ಒಂದು ಬಟ್ಟಲಿನಲ್ಲಿ ಮೊಗೆದು ಕುಡಿಯುವ ನೀರಿನ ಪಾತ್ರೆಗೆ ಬಿಟ್ಟಳು. ಪರ್ಸಿನಿಂದ ಒಂದು ಕಾಳು ತೆಗೆದು ಬೆರಳ ತುದಿಯಲ್ಲಿ ಹಿಡಿದಳು. ದಿವಾನ ನೆಗೆದು ಗಬಕ್ಕನೆ ನುಂಗಿತು.

"ಸದ್ಯ," ಎಂದಳು. ಆಮೇಲೆ ತಲೆಯೆತ್ತದೆ ಕೇಳಿದಳು, "ರೀ, ಯಾರ ಸಾರು ಅದು?"

"ಹೀಗೇ... ಯಂತ್ರ ನಿಲ್ಸೋಕೆ ಏನೋ ಹೇಳಿದೆ."

"ಓಹೋ," ಎಂದು ಮಂದಾಕಿನಿ ಸೆರಗು ಸಿಕ್ಕಿಸಿ, ಸಾರಿಗೆ ಬೇಳೆ ತೊಳೆಯಲು ಹೋದಳು.

ಅದು ಅವಳ ಸಾರು ಎಂದು ಉಮಾಪತಿ ಹೇಳಲೇ ಇಲ್ಲ.