ಬೆಕ್ಕು ಸಾಕುವವರ ಮೇಕಪ್ಪು

ಬೋಗಾದಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಮದುವೆ ಸೀಸನ್ನಿನಲ್ಲಿ ಮದುಮಕ್ಕಳು, ಮಿಕ್ಕ ದಿನಗಳಲ್ಲಿ ಹುಬ್ಬು ತಿದ್ದಿಸಿಕೊಳ್ಳುವ ಕಾಲೇಜು ಹುಡುಗಿಯರು. ಟೀವಿಯವರು ಮೈಸೂರಿಗೆ ಶೂಟಿಂಗಿಗೆ ಬಂದಾಗ, ಬೆಂಗಳೂರಿಂದ ಮೇಕಪ್ಪಿನವರನ್ನು ಕರೆತಂದು ಅವರಿಗೆ ಲಾಡ್ಜು, ಊಟ ಎಲ್ಲ ಯಾಕೆ ಎಂದು ನನ್ನನ್ನೇ ಕರೆಯುತ್ತಾರೆ. ನಾನೂ ಆಸೆಯಿಂದ ಹೋಗುತ್ತೇನೆ. ಆದರೆ ಬೇರೆಯವರ ಪಾಲಿಗೆ ಹೀರೋಯಿನ್ ಬಂದರೆ ನನ್ನ ಪಾಲಿಗೆ ಬೆಕ್ಕು ಬರುತ್ತದೆ. ಒಂದು ಸಲವಲ್ಲ, ಎರಡು ಸಲವಲ್ಲ, ಹೋದ ಕಡೆಯೆಲ್ಲ ಇದೇ ಕಥೆ. ಟೀವಿಗೂ ಬೆಕ್ಕಿಗೂ ಏನು ಸಂಬಂಧ, ಬೆಕ್ಕಿಗೂ ನನಗೂ ಏನು ಋಣ, ಇವತ್ತಿಗೂ ಗೊತ್ತಾಗಿಲ್ಲ.

ಬೊಟ್ಟು ಸೊಟ್ಟಗಿರಲಿ

ಮೊದಲನೆಯದು ಒಂದು ಹಾಸ್ಯ ಧಾರಾವಾಹಿ. ಸರಸ್ವತಿಪುರಂನ ಹಳೆಯ ಮನೆಯೊಂದರಲ್ಲಿ ಶೂಟಿಂಗು. ನಿರ್ದೇಶಕರು ಚಿಕ್ಕ ವಯಸ್ಸಿನ, ಲಕ್ಷಣವಾದ ನಟಿಯೊಬ್ಬಳನ್ನು ನನ್ನ ಮುಂದೆ ಕೂರಿಸಿ, "ಇವ್ರನ್ನ ಬೆಕ್ಕು ಸಾಕೋರ ಥರ ಮಾಡಿ" ಎಂದರು.

"ಹಾಗಂದ್ರೆ ಹೇಗೆ ಸಾರ್?"

"ಏನ್ರೀ ನೀವು, ಅಷ್ಟೂ ಗೊತ್ತಿಲ್ವಾ? ಕೆದರಿದ ಬಿಳೀ ಕೂದ್ಲು, ದಪ್ಪ ಗಾಜಿನ ಕನ್ನಡಕ, ಮೈಮೇಲೆ ಹಳೇ ಸ್ವೆಟರು. ಯಾರನ್ನ ಕಂಡ್ರೂ ಸಿಡಿಸಿಡಿ. ಮದ್ವೆ ಆಗಿಲ್ಲ ಅಂತ ನೋಡಿದ ತಕ್ಷಣ ಗೊತ್ತಾಗ್ಬೇಕು."

"ಅದನ್ನ ಮೇಕಪ್ಪಲ್ಲಿ ಹೇಗೆ ತೋರಿಸ್ಲಿ ಸಾರ್?"

ಒಂದು ಕ್ಷಣ ಯೋಚನೆ ಮಾಡಿ, "ಬೊಟ್ಟು ಸೊಟ್ಟಗಿಡಿ" ಎಂದರು.

ನನಗೆ ಕುತೂಹಲ ತಡೆಯಲಿಲ್ಲ. "ಹಾಗಾದ್ರೆ ನಾಯಿ ಸಾಕೋರು ಹೇಗಿರ್ತಾರೆ ಸಾರ್?" ಎಂದು ಕೇಳಿದೆ. "ಅವ್ರಿಗೆ ಮೇಕಪ್ಪೇ ಬೇಡ. ಟ್ರ್ಯಾಕ್ ಪ್ಯಾಂಟ್ ಹಾಕಿದ್ರೆ ಸಾಕು" ಎಂದು ಹೊರಟುಹೋದರು.

ಅರ್ಧ ದಿನ ಕೂತು ಆ ಹುಡುಗಿಯನ್ನು ಮುದುಕಿ ಮಾಡಿದೆ. ಅವಳು ಕನ್ನಡಿ ನೋಡಿಕೊಂಡು, "ಮೇಡಂ, ನಮ್ಮಮ್ಮಂಗೆ ಫೋಟೋ ಕಳಿಸ್ಬೇಡಿ" ಎಂದಳು. ಇನ್ನು ಬೆಕ್ಕು ಬರಬೇಕಿತ್ತು. ಅದು ಬಂದದ್ದು ಬೈಕಿನಲ್ಲಿ. ಉದಯಗಿರಿಯ ಮೆಕ್ಯಾನಿಕ್ ಒಬ್ಬ, ಜಿಮ್ಮಿನಲ್ಲಿ ಕಡೆದ ಮೈ, ತೋಳಿನ ತುಂಬ ಗ್ರೀಸು. ಬೈಕು ನಿಲ್ಲಿಸಿ ಜಾಕೆಟ್ಟಿನ ಜಿಪ್ಪು ಎಳೆದ. ಒಳಗಿಂದ ಒಂದು ಕಂದು ಬಣ್ಣದ ಬೆಕ್ಕು ತಲೆ ಹೊರಗೆ ಹಾಕಿ ಎಲ್ಲರನ್ನೂ ನೋಡಿತು.

ನಿರ್ದೇಶಕರು ಅವನ ಹಿಂದೆ ಇಣುಕಿ, "ಬೆಕ್ಕಿನ ಓನರ್ ಬರ್ಲಿಲ್ವಾ?" ಎಂದರು.

"ನಾನೇ ಸಾರ್ ಓನರ್ರು."

"ಅಲ್ಲಪ್ಪಾ, ಸಾಕಿರೋರು."

"ನಾನೇ ಸಾರ್ ಸಾಕಿರೋದು. ನನ್ ಪಕ್ಕದಲ್ಲೇ ಮಲಗ್ತಾಳೆ."

ನಿರ್ದೇಶಕರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಮಾಡಿದ ಮುದುಕಿಯನ್ನೂ ನೋಡಿದರು. ಆಮೇಲೆ ಬೇಜಾರಿನಿಂದ, "ಚೆನ್ನಾಗಿದೀರಪ್ಪಾ, ಆದ್ರೆ ನಿಮ್ಮನ್ನ ಟೀವೀಲಿ ತೋರಿಸಿದ್ರೆ ಯಾರೂ ನಂಬಲ್ಲ" ಎಂದರು.

ಅಡ್ಡ ಬಂದದ್ದು

ಅದೇ ಶೂಟಿಂಗಿನ ಮುಂದಿನ ದೃಶ್ಯ ರಸ್ತೆಯಲ್ಲಿ. ನಾಯಕ ಕೆಲಸದ ಇಂಟರ್‌ವ್ಯೂಗೆ ಹೊರಟಿರುತ್ತಾನೆ, ಬೆಕ್ಕು ಅಡ್ಡ ಬರುತ್ತದೆ, ಹೆದರಿ ವಾಪಸ್ ಮನೆಗೆ ಓಡುತ್ತಾನೆ. ಮೂಢನಂಬಿಕೆಯನ್ನು ಗೇಲಿ ಮಾಡುವ ದೃಶ್ಯವಂತೆ. ಆ ಬಗ್ಗೆ ನಿರ್ದೇಶಕರು ನಮಗೆಲ್ಲ ಒಂದು ಭಾಷಣವನ್ನೂ ಕೊಟ್ಟರು.

ಬೆಕ್ಕು ತುಂಬ ಒಳ್ಳೆಯದು. ಮೆಕ್ಯಾನಿಕ್ ಆ ಕಡೆ ನಿಂತು ಕರೆದದ್ದೇ ತಡ, ಹೇಳಿದ ಜಾಗದಿಂದ ಹೇಳಿದ ಜಾಗಕ್ಕೆ ರಸ್ತೆ ದಾಟಿತು. ತಪ್ಪಾದದ್ದು ಒಂದೇ: ಅಷ್ಟು ಹೊತ್ತಿಗೆ ಯಾರೂ ರಸ್ತೆಯನ್ನು ತಡೆದು ನಿಲ್ಲಿಸಿರಲಿಲ್ಲ.

ಮೊದಲು ಒಂದು ಆಟೋ ಬಂತು. ಬೆಕ್ಕನ್ನು ನೋಡಿದ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿ ಪಕ್ಕಕ್ಕೆ ನಿಲ್ಲಿಸಿಕೊಂಡ. ಹಿಂದೆ ಬಂದ ಸ್ಕೂಟರಿನವರು, "ಯಾಕ್ರೀ ನಿಂತ್ಬುಟ್ರಿ?" ಎಂದು ರೇಗಿದರು. "ಬೆಕ್ಕು ಹೋಯ್ತು ಸಾಮಿ, ನೀವು ಮುಂದೆ ಹೋಗಿ" ಎಂದ. ಸ್ಕೂಟರೂ ನಿಂತಿತು. ಅದರ ಹಿಂದೆ ಹೆಬ್ಬಾಳದ ಕಾರ್ಖಾನೆಯ ಬಸ್ಸು. ಒಳಗಿದ್ದ ಶಿಫ್ಟಿನವರು ಕಿಟಕಿಯಿಂದ ಕೂಗಾಡಿದರು. ವಿಷಯ ಗೊತ್ತಾದ ಮೇಲೆ, "ಅಂಗಾರೆ ಸ್ವಲ್ಪ ತಡೀರಪ್ಪಾ" ಎಂದು ಅವರೂ ಸುಮ್ಮನಾದರು.

"ಇಪ್ಪತ್ತೊಂದನೇ ಶತಮಾನ ಕಣ್ರೀ ಇದು!" ಎಂದು ನಿರ್ದೇಶಕರು ಬಾಯಿ ಬಡಿದುಕೊಂಡರು. ಆಮೇಲೆ ತಮ್ಮ ಕಾರಿನ ಡ್ರೈವರನ್ನು ಕರೆದು, "ನೀನು ಮೊದಲು ಹೋಗಪ್ಪಾ, ದಾರಿ ಬಿಡಿಸು" ಎಂದರು. ಡ್ರೈವರು, "ನೀವೂ ಹತ್ಕೊಳ್ಳಿ ಸಾರ್, ಹೋಗಣ" ಎಂದ. ನಿರ್ದೇಶಕರಿಗೆ ಇದ್ದಕ್ಕಿದ್ದಂತೆ ಯಾವುದೋ ಫೋನ್ ಬಂತು.

ಕೊನೆಗೆ ದಾರಿ ಬಿಡಿಸಿದವಳು ನಮ್ಮ ನಟಿ. ಅದೇ ರಸ್ತೆಯಲ್ಲಿ ಮುಂದಿದ್ದ ಅಂಗಡಿಯಲ್ಲಿ ಎಳನೀರು ಕುಡಿಯಲು ಬಿಳಿ ಕೂದಲು, ಸ್ವೆಟರು ಎಲ್ಲದರ ಸಮೇತ ಹೊರಟಿದ್ದಳು. ಆಟೋ, ಸ್ಕೂಟರು, ಬಸ್ಸು ಎಲ್ಲವೂ ಬಹಳ ಗೌರವದಿಂದ ದಾರಿ ಬಿಟ್ಟವು. "ನೀವು ಮೊದಲು ಹೋಗಿ ಅಜ್ಜೀ, ನಿಮಗೆ ಇನ್ನೇನಾಗ್ಬೇಕು" ಎಂದ ಆಟೋದವನು.

ಸಾಕಿಲ್ಲ ಕಣ್ರೀ

ಅಲ್ಲಿಂದ ನನ್ನ ತಲೆಗೊಂದು ಹುಳ ಹೊಕ್ಕಿತು. ಬೆಕ್ಕು ಸಾಕುವವರು ನಿಜವಾಗಿ ಹೇಗಿರುತ್ತಾರೆ? ಪಾರ್ಲರಿಗೆ ಬಂದವರನ್ನೆಲ್ಲ ಕೇಳತೊಡಗಿದೆ. ಆಗ ಒಂದು ವಿಚಿತ್ರ ಗೊತ್ತಾಯಿತು. ನಮ್ಮೂರಿನಲ್ಲಿ ಬೆಕ್ಕುಗಳಿವೆ, ಬೆಕ್ಕು ಸಾಕಿರುವವರು ಮಾತ್ರ ಯಾರೂ ಇಲ್ಲ.

ನಾಯಿ ಇರುವವರು ಕೇಳುವ ಮೊದಲೇ ಫೋಟೋ ತೋರಿಸುತ್ತಾರೆ. ಬೆಕ್ಕಿನವರು ಹಾಗಲ್ಲ. "ಸಾಕಿಲ್ಲ ಕಣ್ರೀ, ಅದೇ ಬರುತ್ತೆ" ಎನ್ನುತ್ತಾರೆ. "ಹಾಲು ಮಿಕ್ಕಿತ್ತು, ಹಾಕ್ದೆ" ಎನ್ನುತ್ತಾರೆ. "ನಮ್ಮದಲ್ಲ, ಪಕ್ಕದ ಮನೇದು" ಎನ್ನುತ್ತಾರೆ. ಆ ಪಕ್ಕದ ಮನೆಯಾಕೆ ಮಾರನೆಯ ದಿನ ಫೇಶಿಯಲ್ಲಿಗೆ ಬಂದು ಅದು ಇವರ ಮನೆಯದು ಎನ್ನುತ್ತಾಳೆ. ಅದೇನು ನಾಚಿಕೆಯೋ ಕಾಣೆ.

ಕಾಲೇಜು ಲೆಕ್ಚರರ್ ಒಬ್ಬರು ಕಪ್ಪು ರೇಷ್ಮೆ ಸೀರೆಯ ತುಂಬ ಬಿಳಿ ರೋಮ ಮೆತ್ತಿಕೊಂಡು ಬಂದು ಕೂತರು. "ಬೆಕ್ಕಾ ಮೇಡಂ?" ಎಂದೆ. "ಛೇ, ನಮ್ಮನೇಲಿ ಬೆಕ್ಕೆಲ್ಲ ಇಲ್ಲಪ್ಪಾ" ಎಂದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ಕಡೆಯಿಂದ ಅವರ ಯಜಮಾನರು ಪಾರ್ಲರಿಗೆಲ್ಲ ಕೇಳುವಂತೆ, "ಎಷ್ಟ್ ಹೊತ್ತೇ ಬರೋದು? ನೀನು ತಟ್ಟೆ ಇಟ್ರೇನೇ ಅದು ಮುಟ್ಟೋದು, ಇಲ್ಲಿ ನನ್ನ ಮೇಲೆ ಗುರ್ ಅಂತಿದೆ!" ಎಂದರು. ಲೆಕ್ಚರರ್ ಫೋನು ಇಟ್ಟು ನನ್ನ ಮುಖ ನೋಡದೆ, "ನಮ್ಮತ್ತೆ" ಎಂದರು.

ಮೊದಲು

ಈಗ ಹೇಳುವುದು ಕಳೆದ ವರ್ಷದ್ದು. ಅದೇ ನಿರ್ದೇಶಕರು. ಹಾಸ್ಯ ಬಿಟ್ಟು, ಮನೆಯನ್ನೂ ಮನೆಯವರನ್ನೂ ಹೊಸದು ಮಾಡಿಕೊಡುವ ಒಂದು ಕಾರ್ಯಕ್ರಮ ಹಿಡಿದಿದ್ದರು. ಮೊದಲು ಹೇಗಿದ್ದರು, ಆಮೇಲೆ ಹೇಗಾದರು ಎಂದು ತೋರಿಸುವ ಕಾರ್ಯಕ್ರಮ.

ಅವರು ಆರಿಸಿಕೊಂಡದ್ದು ನಮ್ಮ ಬೀದಿಯ ಲೈಬ್ರರಿ ಮೇಡಮ್ಮನ್ನು. ಒಂದು ಲೈಬ್ರರಿಯಲ್ಲಿ ಕೆಲಸ, ಒಬ್ಬರೇ ಇರುವುದು, ಬಾಡಿಗೆ ಮನೆ. ಜೊತೆಗೊಂದು ಬೂದು ಬಣ್ಣದ ಬೆಕ್ಕು. ಮಹಡಿಯ ಮೇಲೆ ಮನೆ ಓನರ್ರು, ಕರೆಂಟ್ ಆಫೀಸಿನಲ್ಲಿದ್ದು ನಿವೃತ್ತರಾದವರು, ಅವರೂ ಒಬ್ಬರೇ. ಅವರು ಮೇಡಮ್ಮಿಗೆ ಖಡಕ್ಕಾಗಿ ಹೇಳಿಬಿಟ್ಟಿದ್ದರು: ಕೆಳಗಿನ ಮನೆಯೊಳಗೆ ಬೆಕ್ಕು ಕೂಡದು, ಬೆಕ್ಕು ಬೇಕೇ ಬೇಕಾದರೆ ಮನೆ ಖಾಲಿ ಮಾಡಿ. ಮೇಡಂ ಊರೆಲ್ಲ ಮನೆ ಹುಡುಕಿದರು. ಒಂಟಿ ಹೆಂಗಸು ಎಂದರೆ ಅರ್ಧ ಜನ ಬಾಗಿಲು ಹಾಕಿದರು, ಬೆಕ್ಕು ಎಂದರೆ ಇನ್ನರ್ಧ.

ಟೀವಿಯವರಿಗೆ ಇದು ಹಬ್ಬದೂಟ. ಸೋರುವ ಅಡುಗೆಮನೆ ರಿಪೇರಿ ಮಾಡಿಕೊಡುತ್ತೇವೆ, ಓನರ್ರೂ ಖುಷಿ, ಕೊನೆಯಲ್ಲಿ ನೀವು ಕ್ಯಾಮೆರಾ ಮುಂದೆ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಕೊಟ್ಟುಬಿಡಿ, ಊರಾಚೆಯ ತೋಟದ ಮನೆಯೊಂದರಲ್ಲಿ ಸಾಕುತ್ತಾರೆ ಎಂದರು. ಮೇಡಂ ಬೆಕ್ಕಿನ ಬೆನ್ನು ಸವರುತ್ತ, "ಆಗ್ಲಿ" ಎಂದರು. 

ಈಗ 'ಮೊದಲು' ತೆಗೆಯಬೇಕು. ಮೇಡಂ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ, ಎಣ್ಣೆ ಹಾಕಿ ಬಾಚಿದ ಜಡೆಯಲ್ಲಿ ಕೂತಿದ್ದರು. ಮನೆಯೂ ಹಾಗೇ, ನೆಲದ ಮೇಲೆ ಅನ್ನ ಹಾಕಿಕೊಂಡು ಉಣ್ಣಬಹುದಿತ್ತು.

"ಇದು 'ಆಮೇಲೆ' ಇದ್ದಂಗಿದೆಯಲ್ರೀ!" ಎಂದು ನಿರ್ದೇಶಕರು ಗಾಬರಿಯಾದರು. "ಬೆಕ್ಕು ಸಾಕೋರ ಥರ ಮಾಡಿ."

"ಅವ್ರು ಬೆಕ್ಕು ಸಾಕೋರೇ ಅಲ್ವಾ ಸಾರ್?"

"ಇದ್ರೆ ಇರ್ಲಿ, ಹಾಗೆ ಕಾಣಲ್ವಲ್ಲಾ!"

ನಾನು ಜಡೆ ಬಿಚ್ಚಿ ಕೂದಲು ಕೆದರಿದೆ. ಲೈಟಿನವರು ದೀಪ ಸರಿಮಾಡುವುದರೊಳಗೆ ಮೇಡಂ ಮತ್ತೆ ಹೆಣೆದುಕೊಂಡರು. ಟೀವಿಯವರು ಎಲ್ಲಿಂದಲೋ ಒಂದು ಚೀಲ ರೋಮ ತಂದು ಸೋಫಾ ಮೇಲೆ ಉದುರಿಸಿದರು. ಮೇಡಂ ಪೊರಕೆ ತಂದು ಗುಡಿಸಿದರು. ಮತ್ತೆ ಉದುರಿಸಿದರು, ಮತ್ತೆ ಗುಡಿಸಿದರು. "ಬಿಡಿ ಮೇಡಂ, ಕೊಳಕು ಮಾಡ್ತಿರೋದು ನಾವೇ" ಎಂದರೆ, "ಮಾಡೋರು ನೀವಾದ್ರೂ ಮರ್ಯಾದೆ ಹೋಗೋದು ನಮ್ಮ ಬೆಕ್ಕಿಂದು" ಎಂದರು.

ಆಮೇಲೆ

ಅಡುಗೆಮನೆ ಥಳಥಳ ಆಯಿತು. ಕೊನೆಯ ದಿನ ಬೀದಿಯವರೆಲ್ಲ ಸೇರಿದ್ದರು. ಬುಟ್ಟಿಗೆ ರಿಬ್ಬನ್ ಕಟ್ಟಿದ್ದರು. ಬೆಕ್ಕು ಮಾತ್ರ ಇರಲಿಲ್ಲ.

ಮಂಚದ ಕೆಳಗೆ, ಗೋಡೆಯ ಹಿಂದೆ, ಚರಂಡಿಯ ಪಕ್ಕ, ಎಲ್ಲ ಕಡೆ ಹುಡುಕಿದೆವು. ಮೇಡಂ ಬಾಗಿಲಲ್ಲಿ ನಿಂತು ಸುಮ್ಮನೆ ಕಣ್ಣೀರು ಹಾಕುತ್ತಿದ್ದರು. "ಸೂಪರ್ ಮೇಡಂ, ಬುಟ್ಟಿ ಕೊಡೋವಾಗ್ಲೂ ಹೀಗೇ ಅಳಿ" ಎಂದರು ನಿರ್ದೇಶಕರು. ನನಗೆ ಅವರ ಮುಖಕ್ಕೆ ಪೌಡರ್ ಡಬ್ಬಿ ಎಸೆಯಬೇಕೆನಿಸಿತು.

ತಾರಸಿಯ ಬೀಗದ ಕೈ ತರಲು ನನ್ನನ್ನು ಮಹಡಿಗೆ ಕಳಿಸಿದರು. ಹಿಂದೆಯೇ ಕ್ಯಾಮೆರಾದವನೂ ಬಂದ. ಬಾಗಿಲು ತಟ್ಟಿದೆ. ನಾನು ಬಾಯಿ ಬಿಡುವ ಮೊದಲೇ ಒಳಗಿಂದ ಓನರ್ರ ದನಿ: "ಇಲ್ಲಿ ಯಾವ ಬೆಕ್ಕೂ ಇಲ್ಲ!"

"ನಾನು ಬೀಗದ ಕೈ ಕೇಳೋಕ್ ಬಂದೆ ಸಾರ್."

"ಅದೂ ಇಲ್ಲ!"

ಅಷ್ಟರಲ್ಲಿ ಒಳಗಿಂದ, "ಮಿಯಾಂವ್."

ಬಾಗಿಲು ತೆರೆಯಲೇಬೇಕಾಯಿತು. ತೂತು ಬಿದ್ದ ಬನಿಯನ್ನು, ಮಾಸಲು ಲುಂಗಿ, ವಾರದ ಗಡ್ಡ, ಕೆದರಿದ ಬಿಳಿ ಕೂದಲು, ದಪ್ಪ ಗಾಜಿನ ಕನ್ನಡಕ. ಕಂಕುಳಲ್ಲಿ ಬೂದು ಬೆಕ್ಕು. ಹಿಂದೆ ಕುರ್ಚಿಯ ಮೇಲೆ ದಿಂಬು, ದಿಂಬಿನ ಮುಂದೆ ಬೆಳ್ಳಿ ಬಟ್ಟಲಿನಲ್ಲಿ ಮೊಸರನ್ನ.

ಮೇಡಂ ಮೆಟ್ಟಿಲು ಹತ್ತಿ ಬಂದರು, ಅವರ ಹಿಂದೆಯೇ ನಿರ್ದೇಶಕರು. "ಏನ್ ಸಾರ್ ಇದು? ಬೆಕ್ಕು ಕೂಡದು ಅಂದೋರು ನೀವೇ ಅಲ್ವಾ?"

ಓನರ್ರು ಬೆಕ್ಕನ್ನು ಇನ್ನಷ್ಟು ಅವಚಿಕೊಂಡರು. "ಕೆಳಗಡೆ ಕೂಡದು ಅಂದೆ. ಮೇಲ್ಗಡೆ ಕೂಡದು ಅಂದ್ನಾ?"

"ಅಂದ್ರೆ?"

"ಅಲ್ಲಮ್ಮಾ, ಬೆಳಿಗ್ಗೆ ಎದ್ದು ಕಲಸಿ ಇಡೋನು ನಾನು. ತಿಂದು ಬಾಯಿ ಒರೆಸ್ಕೊಂಡು ಮಲಗೋಕೆ ನಿಮ್ಮಲ್ಲಿಗೆ ಹೋಗ್ಬುಡುತ್ತೆ. ನೀವು ಬಾಗಿಲು ಹಾಕ್ಕೊಂಡ್ರೆ ಇಲ್ಲೇ ಉಳ್ಕೊಳುತ್ತೆ ಅಂದ್ಕೊಂಡೆ. ಈ ಟೀವಿಯೋರು ಬುಟ್ಟಿ ತರ್ತಾರೆ ಅಂತ ನಾನೇನು ಕನಸು ಕಂಡಿದ್ನಾ?"

ಮೇಡಂ ಅಳುತ್ತಲೇ ನಗತೊಡಗಿದರು. ಆದರೆ ಎಲ್ಲರಿಗಿಂತ ಸಂತೋಷಪಟ್ಟವರು ನಿರ್ದೇಶಕರು. ಕೈಯೆತ್ತಿ ಓನರ್ರನ್ನು ತೋರಿಸಿ, "ನೋಡ್ರೀ, ನಾನು ಹೇಳ್ತಿದ್ದ ಬೆಕ್ಕು ಸಾಕೋರು! ಮೇಕಪ್ಪೇ ಬೇಡ! ಇವ್ರನ್ನ 'ಆಮೇಲೆ' ಮಾಡ್ಬುಡಿ!" ಎಂದು ಕೂಗಿದರು.

ಬೆಕ್ಕನ್ನು ತೋಟಕ್ಕೆ ಕಳಿಸುವುದಿಲ್ಲ ಎಂದು ನಿರ್ದೇಶಕರು ಮಾತು ಕೊಟ್ಟ ಮೇಲೆ ಓನರ್ರು ನನ್ನ ಮುಂದೆ ಕೂತರು. ಗಡ್ಡ ತೆಗೆಸಿದೆ. ಕೂದಲಿಗೂ ಮೀಸೆಗೂ ಬಣ್ಣ ಹಚ್ಚಿದೆ. ಟೀವಿಯವರು ಕೋಟು ಹಾಕಿ ಸೆಂಟು ಹೊಡೆದರು. ಕನ್ನಡಿಯಲ್ಲಿ ನೋಡಿಕೊಂಡು ಅವರೇ ಬೆರಗಾದರು. ಚಪ್ಪಾಳೆಯ ನಡುವೆ ಮಹಾರಾಜರ ಹಾಗೆ ಮೆಟ್ಟಿಲಿಳಿದು ಬಂದು, ಹೊಸ ಅಡುಗೆಮನೆಯಲ್ಲಿ ನಿಂತಿದ್ದ ಮೇಡಮ್ಮಿನ ಕೈಲಿದ್ದ ಬೆಕ್ಕಿನ ಕಡೆ ಕೈ ಚಾಚಿದರು.

ಬೆಕ್ಕು ಬೆನ್ನು ಕಮಾನು ಮಾಡಿ ಬುಸ್ಸೆಂದಿತು. ಜಿಗಿದು ಹೊಸ ಗ್ಯಾಸ್ ಸ್ಟವ್ವಿನ ಹಿಂದೆ ಅಡಗಿತು.

"ನಾನು ಕಣೋ" ಎಂದರು ಓನರ್ರು. ಅದು ಇನ್ನೂ ಹಿಂದಕ್ಕೆ ಸರಿಯಿತು. ನಾಲ್ಕು ಜನರೆದುರು ಆ ದೊಡ್ಡ ಮನುಷ್ಯನ ಮುಖ ಬಾಡಿದ್ದನ್ನು ನೋಡಲಾಗಲಿಲ್ಲ. ಆಮೇಲೆ ಅವರು ಕ್ಯಾಮೆರಾ ಎದುರಿಗೇ ಕೋಟು ಬಿಚ್ಚಿ ನನ್ನ ಕೈಗೆ ಎಸೆದರು. ನಲ್ಲಿಗೆ ತಲೆಯೊಡ್ಡಿದರು. ಬಣ್ಣವೆಲ್ಲ ಹರಿದು ಹೊಸ ಸಿಂಕು ಕಪ್ಪಾಯಿತು. ಮಹಡಿಗೆ ಓಡಿ ಅದೇ ತೂತು ಬನಿಯನ್ನು, ಅದೇ ಲುಂಗಿ ಸುತ್ತಿಕೊಂಡು ಬಂದು ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

ಬೆಕ್ಕು ಹೊರಬಂತು. ಲುಂಗಿ ಮೂಸಿತು. ತೊಡೆ ಹತ್ತಿ ಸುತ್ತಿಕೊಂಡು ಮಲಗಿತು. ಮೇಡಂ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಕಟ್! ಕಟ್!" ನಿರ್ದೇಶಕರು ತಲೆ ಹಿಡಿದುಕೊಂಡರು. "ಇದು ಮತ್ತೆ 'ಮೊದಲು' ಆಗೋಯ್ತಲ್ರೀ! ಎದ್ದೇಳಿ ಸಾರ್! ಹೋಗ್ಲಿ, ಮೇಡಂ ಮನೆ ಖಾಲಿ ಮಾಡೋ ವಿಷ್ಯ ಏನಾಯ್ತು, ಅದನ್ನಾದ್ರೂ ಹೇಳಿ!"

ಓನರ್ರು ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡ್ರಿ, ಈಗ ತಾನೇ ನಿದ್ದೆ ಹತ್ತಿದೆ. ಮೇಡಂ ಇರ್ತಾರೆ. ಖಾಲಿ ಮಾಡೋರು ನೀವು."