ದಡ್ಡಿ ಕಾಕಾರ ಜೀಪಿನ ಮುಂಜಾನೆಯ ಹೊಗೆ

ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ ಎನ್ನುತ್ತಾರೆ. ಹುಕ್ಕೇರಿಯ ನನ್ನ ಗ್ಯಾರೇಜಿನಲ್ಲಿ ಹೊಗೆ ಇದ್ದಲ್ಲಿ ಸಲಹೆ ಇರುತ್ತದೆ. ಗಾಡಿಯೊಂದು ಕೆಮ್ಮಿದರೆ ಸಾಕು, ಪಕ್ಕದ ಚಹಾದಂಗಡಿಯವರೆಲ್ಲ ಕಪ್ಪು ಹಿಡಿದುಕೊಂಡೇ ಎದ್ದು ಬರುತ್ತಾರೆ. ಇದು ದಿನಾ ಇದ್ದದ್ದೇ. ಆದರೆ ದಡ್ಡಿ ಊರಿನ ಕಡೆಯ ಕಾಕಾ ಒಬ್ಬರ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಕೊಟ್ಟಷ್ಟು ಕಾಟವನ್ನೂ ನಗುವನ್ನೂ ಬೇರಾವುದೂ ಕೊಟ್ಟಿಲ್ಲ.

೧. ಹಳದಿ ದೀಪ

ಜೀಪಿನ ಪಾಸಿಂಗ್, ಅಂದರೆ ಗಾಡಿ ಓಡಿಸಲು ಯೋಗ್ಯವೆಂಬ ಸರಕಾರಿ ತಪಾಸಣೆ, ಹತ್ತಿರ ಬಂದಿತ್ತು. ಹೊಗೆ ಸರ್ಟಿಫಿಕೇಟ್ ಸಿಕ್ಕರೆ ಪಾಸಿಂಗ್, ಇಲ್ಲದಿದ್ದರೆ ಗುಜರಿ. ಕಾಕಾರ ಮೊಣಕಾಲು ಹಿಡಿದ ಮೇಲೆ ಅದನ್ನು ಓಡಿಸುವವರು ಅವರ ಹೆಂಡತಿ, ಕಾಕು. ಮಳೆಗಾಲದ ಎರೆಮಣ್ಣಿನಲ್ಲಿ ಹೊಲದಿಂದ ಡೈರಿಗೆ ಹಾಲಿನ ಕ್ಯಾನು ಮುಟ್ಟಿಸಲು ಅದೊಂದೇ ಗಾಡಿ. ಜೀಪು ಹೋದರೆ ಕಾಕುವಿನ ಹಾಲಿನ ವ್ಯಾಪಾರವೂ ಹೋದಂತೆ.

ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಇಬ್ಬರೂ ಬಂದರು.

"ಮೀಟರಿನ್ಯಾಗ ಹಳದಿ ದೀಪಾ ಏನರ ಹತ್ತಿತ್ತೇನ್ರಿ ಕಾಕಾ?" ಎಂದೆ.

"ಹತ್ತಿತ್ತರಿ. ಈಗ ತಾನ ಆರೇತಿ."

ಬಗ್ಗಿ ನೋಡಿದೆ. ಕಾಕು ದಿನಾ ಪೂಜೆ ಮಾಡಿ ಮೀಟರಿನ ಗಾಜಿಗೆ ಹಚ್ಚಿದ ವಿಭೂತಿ ಗೋಡೆಯ ಸುಣ್ಣದಂತೆ ದಪ್ಪಗೆ ಕೂತಿತ್ತು. ನಮಸ್ಕಾರ ಮಾಡಿ ಮೆಲ್ಲಗೆ ಒರೆಸಿದೆ. ಒಳಗೆ ದೀಪ ಝಗ್ ಎಂದು ಉರಿಯುತ್ತಿತ್ತು.

ಕಾಕಾ ಹಣೆ ಚಚ್ಚಿಕೊಂಡರು. "ಸುಮ್ನ ಇದ್ದದ್ದನ್ನ ಒರಸಿ ಹಚ್ಚಿದ್ರಿ ನೋಡ್ರಿ ಮಿಸ್ತ್ರೀ!"

೨. ತಗಡು

ಸ್ಕ್ಯಾನರ್ ಹಚ್ಚಿದರೆ ಅದು ಇಜಿಆರ್ ವಾಲ್ವಿನ ಕಡೆ ಬೊಟ್ಟು ಮಾಡಿತು. ಬಿಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಿರುಗಿ ಇಂಜಿನ್ನಿಗೇ ಕಳಿಸುವ ಕವಾಟವದು. ಬಿಚ್ಚಿದೆ. ತುಂಬ ಮಸಿ.

"ತಾ ಬಿಟ್ಟ ಹೊಗಿ ತಾನ ತಿನ್ನಬೇಕ? ಯಾವ ಶಾಣ್ಯಾ ಮಾಡ್ಯಾನ್ರಿ ಇದನ್ನ?" ಎಂದರು ಕಾಕಾ.

ಅಷ್ಟರಲ್ಲಿ ಚಹಾದಂಗಡಿಯ ಮಂದಿ ಸೇರಿತ್ತು. ಮೂಡಲಗಿಯ ಗಿರಾಕಿಯೊಬ್ಬ, "ಇದನ್ನೆಲ್ಲಾ ಯಾಂವ ತೊಳಕೋತ ಕೂಡ್ತಾನ? ಒಂದು ತಗಡ ಹಚ್ಚಿ ಬಾಯಿ ಮುಚ್ಚರಿ" ಎಂದ. ಉಳಿದವರೂ ತಗಡು, ತಗಡು ಎಂದು ದನಿಗೂಡಿಸಿದರು.

ಕಾಕು ಸೀಟಿನಿಂದ ಇಳಿದು ಬಂದು ನನಗೆ ಹೇಳಿದರು: "ತಮ್ಮಾ, ತಗಡ ಇದ್ರ ತಾ. ಮೊದಲ ಇವರ ಬಾಯಿಗೆ ಹಚ್ಚೂಣು."

೩. ಸುಣ್ಣ ಹಚ್ಚಿದ ಗೋಡೆ

ವಾಲ್ವ್ ತೊಳೆದು ಕೂರಿಸಿದೆ. ದೀಪ ಆರಿತು, ಹೊಗೆಯೂ ನಿಂತಿತು. ಮರುದಿನ ಮುಂಜಾನೆ ಸಂಕೇಶ್ವರದ ಹೊಗೆ ತಪಾಸಣೆಗೆ ನಾನೂ ಗತ್ತಿನಿಂದ ಹೋದೆ. ತಪಾಸಣೆಯವನು ಸೈಲೆನ್ಸರಿಗೆ ನಳಿಗೆ ತೂರಿಸಿ, "ಒತ್ತರಿ" ಎಂದ. ಕಾಕು ಎಕ್ಸಿಲರೇಟರ್ ಒತ್ತಿದರು. ಭಸ್ ಎಂದು ಕರಿ ಹೊಗೆ ಎದ್ದು, ಆಗತಾನೆ ಸುಣ್ಣ ಹಚ್ಚಿದ ಹಿಂದಿನ ಗೋಡೆಗೆ ಬಡಿಯಿತು.

"ರಿಪೋರ್ಟ್ ಕೊಡ್ತೀರೇನ್ರಿ?" ಎಂದು ಸಣ್ಣ ದನಿಯಲ್ಲಿ ಕೇಳಿದೆ.

"ಗ್ವಾಡಿ ಮ್ಯಾಲ ಬರದೇತಲ್ರಿ. ಓದ್ಕೋರಿ."

ಹೊಲಕ್ಕೆ ಹೋಗಿ ಮಧ್ಯಾಹ್ನ ಅವರು ಗ್ಯಾರೇಜಿಗೆ ಬಂದಾಗ ಅದೇ ಜೀಪಿನಲ್ಲಿ ಹೊಗೆಯೇ ಇಲ್ಲ! ಏರ್ ಫಿಲ್ಟರ್ ಬದಲಿಸಿದೆ, ಪೈಪುಗಳನ್ನೆಲ್ಲ ತಡಕಿದೆ. ಆಮೇಲೂ ಮುಂಜಾನೆ "ಹೊಗಿ ಐತ್ರಿ" ಎಂದು ಕಾಕಾರ ಫೋನು, ಮಧ್ಯಾಹ್ನ ನನ್ನೆದುರು ಬಂದರೆ ಜೀಪು ಸಂಭಾವಿತ. ಖರೆ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. ಕಾಕುವಿನ ಎದುರು ಗುಜರಿ ಎಂಬ ಮಾತನ್ನು ಯಾವ ಬಾಯಿಂದ ಆಡಲಿ?

ಕಾಕಾರೇ ಸಮಾಧಾನ ಹೇಳಿದರು: "ನಮ್ಮ ಗಾಡಿದೇನೂ ತಪ್ಪಿಲ್ರಿ. ಚಹಾ ಕುಡಿಯೂತನಕಾ ಮುಂಜಾನಿ ನಾನೂ ಹಿಂಗ ಇರ್ತೇನಿ."

೪. ಬುತ್ತಿ

ಕೊನೆಗೆ ಇನ್ನೊಮ್ಮೆ ತಪಾಸಣೆಗೆ ಹೋದೆವು. ಮುಂಜಾನೆಯೇ. ಒತ್ತಿದರೆ ಮತ್ತೆ ಕರಿ ಹೊಗೆ. ತಡೆಯಲಾಗದೆ ಅಲ್ಲೇ ಬಾನೆಟ್ ಎತ್ತಿದೆ. ಅಷ್ಟು ದಿನದಲ್ಲಿ ನಾನು ಮುಂಜಾನೆ ಆ ಬಾನೆಟ್ ಎತ್ತಿದ್ದು ಅದೇ ಮೊದಲು.

ಇಂಜಿನ್ನಿನ ಪಕ್ಕ ಬಿಳಿ ಅರಿವೆಯ ಗಂಟೊಂದು ಬೆಚ್ಚಗೆ ಕೂತಿತ್ತು. ಇಂಜಿನ್ನು ಗಾಳಿ ಎಳೆದುಕೊಳ್ಳುವ ಪೈಪಿನ ಬಾಯಿಗೆ ಅದರ ಅರಿವೆ ಗಪ್ಪನೆ ಅಂಟಿಕೊಂಡಿತ್ತು. ಗಾಳಿಯಿಲ್ಲದೆ ಡೀಸೆಲ್ ಅರ್ಧಂಬರ್ಧ ಉರಿದರೆ ಕರಿ ಹೊಗೆ ಬರದೆ ಏನಾದೀತು?

"ಕಾಕು, ಏನ್ರಿ ಇದು?"

"ಬುತ್ತಿ. ಹೊಲಕ್ಕ ಮುಟ್ಟೂತನಕಾ ರೊಟ್ಟಿ ಬಿಸಿ ಇರ್ತಾವು."

ಕಾಕಾ ಓಡಿಸುತ್ತಿದ್ದಾಗ ಬುತ್ತಿ ಕಾಕುವಿನ ತೊಡೆಯ ಮೇಲಿರುತ್ತಿತ್ತಂತೆ. ಸ್ಟೇರಿಂಗ್ ಕೈಗೆ ಬಂದ ಮೇಲೆ ಇಂಜಿನ್ನಿನ ಪಕ್ಕಕ್ಕೆ ಹೋಗಿದೆ. ಮಧ್ಯಾಹ್ನದೊಳಗೆ ಊಟ ಮುಗಿಯುತ್ತಿತ್ತು, ಹೊಗೆಯೂ ಮುಗಿಯುತ್ತಿತ್ತು.

"ಕಾಕಾರ ತೊಡಿ ಮ್ಯಾಲ ಇಡಬೇಕಿಲ್ರಿ?"

"ಅವರ ಕೈಯಾಗ ಕೊಟ್ರ ಹೊಲಾ ಮುಟ್ಟೂದ್ರಾಗ ಬರೇ ಅರಿವಿ ಉಳೀತೈತಿ!"

ಬುತ್ತಿ ತೆಗೆದು ಮತ್ತೆ ಒತ್ತಿಸಿದೆವು. ಹೊಗೆ ಕಾಣಲಿಲ್ಲ. ಜೀಪು ಪಾಸು! ನನಗಂತೂ ಕುಣಿಯುವಷ್ಟು ಸಂತೋಷ. ಕಾಕು ಅಲ್ಲೇ ಗಂಟು ಬಿಚ್ಚಿ ಎಲ್ಲರಿಗೂ ರೊಟ್ಟಿ, ಬದನೆಕಾಯಿ ಪಲ್ಯ ಹಂಚಿದರು. ತಪಾಸಣೆಯವನು ಸರ್ಟಿಫಿಕೇಟ್ ಬರೆಯುತ್ತಲೇ ಒಂದು ತುತ್ತು ಬಾಯಿಗಿಟ್ಟು, "ರೊಟ್ಟಿ ಭಾರಿ ಅದಾವ್ರಿ, ಆದ್ರ ಜರಾ ಹೊಗಿ ವಾಸನಿ" ಎಂದ.

ಕಾಕು ತಟ್ಟನೆ ಗಂಡನ ಕಡೆ ತಿರುಗಿದರು. "ಕೇಳಿದ್ರ್ಯಾ? ದಿನಾ ಇದ ವಾಸನಿಗೆ ನನ್ನ ಒಲಿಗೆ ಬೈತಿದ್ರಿ!" ಆಮೇಲೆ ತಪಾಸಣೆಯವನಿಗೆ ಹೇಳಿದರು: "ತಮ್ಮಾ, ಹೆಂಗೂ ಬರ್ಯಾಕತ್ತಿದಿ, ನನ್ನ ಒಲಿಗೂ ಒಂದು ಸರ್ಟಿಫಿಕೇಟ್ ಬರದ ಕೊಡು."